ಮಂಡಕಳ್ಳಿಯಿಂದ ಹಾರಿ, ಶಾಟ್ ಹಿಡಿದು ಇಳಿಯಿರಿ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಈಗ ಕ್ಯಾಮೆರಾ ಇಲ್ಲದ ಬೀದಿ ಇಲ್ಲ. ಮದುವೆ, ಗೃಹಪ್ರವೇಶ, ನಂಜುಂಡೇಶ್ವರನ ದೊಡ್ಡ ಜಾತ್ರೆ, ಸುತ್ತೂರು ಜಾತ್ರೆ, ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗಳ ಕಾರ್ಪೊರೇಟ್ ವಿಡಿಯೊ, ಎಲ್ಲವನ್ನೂ ನಮ್ಮ ಹುಡುಗ ಹುಡುಗಿಯರೇ ಶೂಟ್ ಮಾಡುತ್ತಿದ್ದಾರೆ. ಚೆನ್ನಾಗಿಯೇ ಮಾಡುತ್ತಿದ್ದಾರೆ. ಹಾಗಾದರೆ ಮುಂದಿನ ಮೆಟ್ಟಿಲು ಯಾವುದು? ಮೈಸೂರು ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ: ಮಂಡಕಳ್ಳಿ ವಿಮಾನ ನಿಲ್ದಾಣ. ಅಲ್ಲಿನ 1,740 ಮೀಟರ್ ರನ್‌ವೇ ದೊಡ್ಡ ಜೆಟ್‌ಗಳಿಗೆ ಸಾಲದು, ನಾಲ್ಕು ಸೀಟಿನ ಸೆಸ್ನಾಗೆ ಧಾರಾಳ.

ಡ್ರೋನ್ ಈಗ ಎಲ್ಲರ ಬ್ಯಾಗಿನಲ್ಲೂ ಇದೆ. ಪುಟ್ಟ ವಿಮಾನದೊಳಗೆ ಕೂತು ನೆಟ್ಟಗೆ ಶೂಟ್ ಮಾಡಬಲ್ಲವರು ಕಡಿಮೆ. ನಿಮ್ಮ ಅವಕಾಶ ಅಲ್ಲೇ ಇದೆ. ಆದರೆ ಒಂದು ವಿಷಯ ಈಗಲೇ ತಲೆಗೆ ಹಾಕಿಕೊಳ್ಳಿ. ದುಡ್ಡು ಕೊಡುವವರು ಯಾರೇ ಇರಲಿ, ಈ ಕೆಲಸದಲ್ಲಿ ನೀವು ಮೆಚ್ಚಿಸಬೇಕಾದ್ದು ಪೈಲಟ್‌ ಅವರನ್ನು. ಅವರಿಗೆ ನಿಮ್ಮ ಮೇಲೆ ನಂಬಿಕೆ ಬಂದರೆ ಇನ್ನೊಂದು ಸುತ್ತು ಹೊಡೆಯುತ್ತಾರೆ, ಮುಂದಿನ ಸಲ ಹೆಸರು ಹೇಳಿ ಕರೆಸುತ್ತಾರೆ. ನಂಬಿಕೆ ಹೋದರೆ ಮೊದಲ ಸುತ್ತಿನಲ್ಲೇ ವಿಮಾನ ವಾಪಸ್. ಸೇಫ್ಟಿ ರೂಲ್ಸ್ ಪಾಲಿಸುವವರಿಗೇ ಒಳ್ಳೆಯ ಫುಟೇಜ್ ಸಿಗುವುದು. ಶುರು ಮಾಡೋಣ.

1. ಯಾರು ಹಾರಿಸುತ್ತಾರೆ ಎಂದು ಕೇಳಿ

ಫ್ಲೈಯಿಂಗ್ ಸ್ಕೂಲಿನಲ್ಲಿ ಕಲಿಯುತ್ತಿರುವ ಗೆಳೆಯ "ಬಾರೋ, ಒಂದು ರೌಂಡ್ ಹಾಕಿಸ್ತೀನಿ" ಅಂದರೆ ಒಪ್ಪಬೇಡಿ. ಸ್ಟೂಡೆಂಟ್ ಪೈಲಟ್ ಲೈಸೆನ್ಸ್ ಇರುವವರು ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ. ಪ್ರೈವೇಟ್ ಪೈಲಟ್ ಲೈಸೆನ್ಸ್ ಇದ್ದವರು ಕೂರಿಸಿಕೊಳ್ಳಬಹುದು, ಆದರೆ ದುಡ್ಡು ಪಡೆದು ಹಾರಿಸುವಂತಿಲ್ಲ. ನಿಮ್ಮದು ಕಮರ್ಷಿಯಲ್ ಶೂಟ್ ಆದರೆ ಪೈಲಟ್ ಬಳಿ ಕಮರ್ಷಿಯಲ್ ಲೈಸೆನ್ಸ್ ಇರಬೇಕು. ಅದಕ್ಕೆ ಕನಿಷ್ಠ 200 ಗಂಟೆ ಹಾರಾಟದ ಅನುಭವ ಬೇಕು. ವಿಮಾನ ಕೊಡುವ ಸಂಸ್ಥೆಗೂ ಆ ಕೆಲಸಕ್ಕೆ ಪರ್ಮಿಟ್ ಇರಬೇಕು.

ಲೈಸೆನ್ಸ್ ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚವೇ? ಅದೊಂದು ಕೆಟ್ಟ ಅಭ್ಯಾಸ, ಇವತ್ತೇ ಬಿಡಿ. ಒಳ್ಳೆಯ ಪೈಲಟ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡವರ ವಿಮಾನ ನಿಮಗೆ ಬೇಡ.

2. ಕಾಗದ ಮೊದಲು, ಕ್ಯಾಮೆರಾ ಆಮೇಲೆ

ಹಾರುವ ವಿಮಾನದಿಂದ ಅಥವಾ ಸರ್ಕಾರಿ ಏರೋಡ್ರೋಮಿನಲ್ಲಿ ಫೋಟೊ ತೆಗೆಯಲು ಲಿಖಿತ ಅನುಮತಿ ಬೇಕೆಂದು 1937ರ ವಿಮಾನ ನಿಯಮಗಳ 13ನೇ ನಿಯಮ ಹೇಳುತ್ತದೆ. "ಇಂಡಿಗೋದಲ್ಲಿ ಎಲ್ಲರೂ ಕಿಟಕಿಯಿಂದ ರೀಲ್ ಮಾಡ್ತಾರಲ್ಲ?" ಅನ್ನಬೇಡಿ. ಟಿಕೆಟ್ ಕೊಂಡ ಪ್ರಯಾಣಿಕರು ವಿಮಾನದೊಳಗೆ ಫೋಟೊ, ವಿಡಿಯೊ ತೆಗೆಯಬಹುದು ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2004ರ ಸುತ್ತೋಲೆಯಲ್ಲೇ ಹೇಳಿದೆ, ನಿಜ. 2020ರ ಸೆಪ್ಟೆಂಬರಿನಲ್ಲಿ ಚಂಡೀಗಢ–ಮುಂಬೈ ವಿಮಾನವೊಂದರಲ್ಲಿ ಟಿವಿ ವರದಿಗಾರರು ಕ್ಯಾಮೆರಾ ಹಿಡಿದು ಮುಗಿಬಿದ್ದ ಮೇಲೆ ಅದನ್ನೇ ಮತ್ತೆ ಸ್ಪಷ್ಟಪಡಿಸಿತು: ಸುರಕ್ಷತೆಗೆ ಧಕ್ಕೆ ತರುವ, ಗೊಂದಲ ಎಬ್ಬಿಸುವ, ಸಿಬ್ಬಂದಿ ಬೇಡವೆಂದ ಯಾವ ರೆಕಾರ್ಡಿಂಗಿಗೂ ಈ ವಿನಾಯಿತಿ ಇಲ್ಲ. ನೆಲದ ದೃಶ್ಯಗಳಿಗಾಗಿಯೇ ವಿಮಾನ ಬಾಡಿಗೆಗೆ ಹಿಡಿದು ಹೊರಟವರು ಪ್ರಯಾಣಿಕರ ಲೆಕ್ಕಕ್ಕೆ ಬರುವುದಿಲ್ಲ. ಅದು ಏರಿಯಲ್ ಫೋಟೊಗ್ರಫಿ. ಡಿಜಿಸಿಎ ಅನುಮತಿಯ ಜೊತೆಗೆ ರಕ್ಷಣಾ ಇಲಾಖೆಯ ಒಪ್ಪಿಗೆಯೂ ಬೇಕು. ವಾರಗಟ್ಟಲೆ ಹಿಡಿಯಬಹುದು. ಶೂಟಿಂಗ್ ಡೇಟ್ ಕೊಡುವ ಮೊದಲು ಅರ್ಜಿ ಹಾಕಿ.

ರಕ್ಷಣಾ ಇಲಾಖೆಯ ವಿಮಾನ ನೆಲೆಗಳಲ್ಲಂತೂ ಕ್ಯಾಮೆರಾ ಹೊರತೆಗೆಯಲೇಬೇಡಿ. ನಮ್ಮ ಬೀದರ್ ಅಂಥದ್ದೇ ನೆಲೆ. 2025ರ ಮೇ ತಿಂಗಳಲ್ಲಿ ಡಿಜಿಸಿಎ ಈ ನಿಷೇಧವನ್ನು ಇನ್ನಷ್ಟು ಬಿಗಿ ಮಾಡಿತು. ಅಣೆಕಟ್ಟು ಫ್ರೇಮಿಗೆ ಬರುತ್ತದೆಯೇ, ಬಂಡೀಪುರದ ಅಂಚು ದಾಟುತ್ತೀರಾ ಎಂಬುದನ್ನೂ ಅರ್ಜಿಯಲ್ಲೇ ಬರೆಯಿರಿ. ಮುಚ್ಚಿಟ್ಟರೆ ಆಮೇಲೆ ಹಾರ್ಡ್‌ಡಿಸ್ಕ್ ಜಪ್ತಿಯಾದೀತು.

3. ನಿಜವಾದ ತೂಕ ಹೇಳಿ

ನಿಮ್ಮದೂ, ಬ್ಯಾಗಿನದೂ. ಮನೆಯಲ್ಲೇ ತಕ್ಕಡಿಗೆ ಇಟ್ಟು ಬರೆದುಕೊಂಡು ಬನ್ನಿ. ಸೆಸ್ನಾ 172ಎಸ್ ಮಾದರಿಯ ಗರಿಷ್ಠ ಟೇಕಾಫ್ ತೂಕ 1,157 ಕೆಜಿ. ಖಾಲಿ ವಿಮಾನವೇ ಸುಮಾರು 750 ಕೆಜಿ ತೂಗುತ್ತದೆ. ಉಳಿದದ್ದು 400 ಕೆಜಿ. ಟ್ಯಾಂಕ್ ತುಂಬಿದರೆ ಇಂಧನವೇ 140 ಕೆಜಿ ಮೀರುತ್ತದೆ. ಪೈಲಟ್, ನೀವು, ಅಸಿಸ್ಟೆಂಟ್, ಒಂದು ಕ್ಯಾಮೆರಾ ಬ್ಯಾಗ್: ಮುಗಿಯಿತು. ನಾಲ್ಕು ಸೀಟಿದೆ ಎಂದು ಕ್ಲೈಂಟಿನ ಭಾಮೈದನನ್ನೂ ಹತ್ತಿಸಬೇಡಿ.

ಮಂಡಕಳ್ಳಿ ಸಮುದ್ರಮಟ್ಟದಿಂದ 2,300 ಅಡಿಗೂ ಮೇಲಿದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಗಾಳಿ ಇನ್ನಷ್ಟು ತೆಳುವಾಗುತ್ತದೆ, ವಿಮಾನ ಏರಲು ತಿಣುಕುತ್ತದೆ. ಪೈಲಟ್ ಈ ಲೆಕ್ಕವನ್ನೆಲ್ಲ ಹಾಕುತ್ತಾರೆ. ನೀವು ಹೇಳಿದ ಸಂಖ್ಯೆ ಸುಳ್ಳಾದರೆ ಅವರ ಲೆಕ್ಕವೂ ಸುಳ್ಳು.

4. ಕಾಕ್‌ಪಿಟ್‌ನಲ್ಲಿ ಸಡಿಲ ವಸ್ತು ಒಂದೂ ಬೇಡ

ಈ ಸೂತ್ರವನ್ನು ಎರಡು ಸಲ ಓದಿ. 2014ರ ಫೆಬ್ರವರಿ 9ರಂದು ಬ್ರಿಟಿಷ್ ವಾಯುಪಡೆಯ ವಾಯೇಜರ್ ವಿಮಾನವೊಂದು 198 ಜನರನ್ನು ಹೊತ್ತು ಅಫ್ಘಾನಿಸ್ತಾನಕ್ಕೆ ಹೊರಟಿತ್ತು. ಕ್ಯಾಪ್ಟನ್ ತಮ್ಮ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಸೀಟಿನ ಪಕ್ಕ ಇಟ್ಟಿದ್ದರು. ಸೀಟನ್ನು ಮುಂದಕ್ಕೆ ಸರಿಸಿದಾಗ ಕ್ಯಾಮೆರಾ ಆರ್ಮ್‌ರೆಸ್ಟ್ ಮತ್ತು ಕಂಟ್ರೋಲ್ ಸ್ಟಿಕ್ ನಡುವೆ ಸಿಕ್ಕಿಕೊಂಡು ಸ್ಟಿಕ್ಕನ್ನು ಮುಂದಕ್ಕೆ ತಳ್ಳಿತು. ವಿಮಾನ ಮೂತಿ ಕೆಳಗೆ ಮಾಡಿ 27 ಸೆಕೆಂಡಿನಲ್ಲಿ 4,400 ಅಡಿ ಕುಸಿಯಿತು. ಅಷ್ಟು ಎತ್ತರದಲ್ಲಿದ್ದದ್ದಕ್ಕೆ ಉಳಿದರು. ನೀವು ಶೂಟ್ ಮಾಡುವುದು 1,500 ಅಡಿಯಲ್ಲಿ. ಅಲ್ಲಿ 4,400 ಅಡಿ ಕುಸಿಯಲು ಜಾಗವೇ ಇಲ್ಲ.

ಇನ್ನೊಂದು ಘಟನೆ 2018ರ ಮಾರ್ಚ್ 11ರದ್ದು. ನ್ಯೂಯಾರ್ಕಿನಲ್ಲಿ ಬಾಗಿಲು ತೆಗೆದ ಹೆಲಿಕಾಪ್ಟರಿನಲ್ಲಿ ಐವರು ನಗರದ ಫೋಟೊ ತೆಗೆಯಲು ಹೊರಟರು. ಬೀಳಬಾರದೆಂದು ಹಾಕಿದ್ದ ಹಾರ್ನೆಸ್ಸಿನ ಹಗ್ಗವೇ ನೆಲದಲ್ಲಿದ್ದ ಇಂಧನ ಬಂದ್ ಮಾಡುವ ಲಿವರ್‌ಗೆ ಸಿಕ್ಕಿಕೊಂಡಿತು. ಎಂಜಿನ್ ನಿಂತಿತು, ಹೆಲಿಕಾಪ್ಟರ್ ಈಸ್ಟ್ ನದಿಗೆ ಇಳಿದು ಮಗುಚಿತು. ಪೈಲಟ್ ಬದುಕಿದರು. ಹಾರ್ನೆಸ್ ಬಿಚ್ಚಿಕೊಳ್ಳಲಾಗದೆ ಐವರೂ ಮುಳುಗಿದರು. ಆಮೇಲೆ ಅಮೆರಿಕದ ವಿಮಾನಯಾನ ಇಲಾಖೆ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳದ ಹಾರ್ನೆಸ್ ಇದ್ದರೆ ಬಾಗಿಲಿಲ್ಲದ ಹಾರಾಟವೇ ಬೇಡ ಎಂದು ಆದೇಶಿಸಿತು.

ಆದ್ದರಿಂದ ಹೀಗೆ ಮಾಡಿ. ಕ್ಯಾಮೆರಾ ಸ್ಟ್ರ್ಯಾಪನ್ನು ಮಣಿಕಟ್ಟಿಗೆ ಗಿಡ್ಡವಾಗಿ ಸುತ್ತಿಕೊಳ್ಳಿ, ನೇತಾಡಲು ಬಿಡಬೇಡಿ. ಲೆನ್ಸ್ ಕ್ಯಾಪ್, ಲೆನ್ಸ್ ಹುಡ್, ಸಡಿಲ ಫಿಲ್ಟರ್ ಹತ್ತುವ ಮೊದಲೇ ಕೆಳಗೆ ಬಿಟ್ಟುಬಿಡಿ. ಕಿಟಕಿ ತೆರೆದರೆ ಅವು ಹಾರಿಹೋಗಿ ಬಾಲಕ್ಕೆ ಬಡಿಯಬಹುದು. ಟ್ರೈಪಾಡ್ ಬೇಡ, ಸೆಲ್ಫಿ ಸ್ಟಿಕ್ ಬೇಡವೇ ಬೇಡ. ಜೇಬಿನಲ್ಲಿ ಝಿಪ್ ಇರುವ ಜಾಕೆಟ್ ಹಾಕಿ. ಹಾರುವಾಗ ಲೆನ್ಸ್ ಬದಲಿಸುವ ಯೋಚನೆ ಬಿಡಿ, ಎರಡು ಕ್ಯಾಮೆರಾಗಳಿಗೆ ಎರಡು ಲೆನ್ಸ್ ಹಾಕಿಕೊಂಡೇ ಹತ್ತಿ. ಏನಾದರೂ ಕೈಜಾರಿ ಪೈಲಟ್ ಕಾಲಿನ ಕಡೆ ಉರುಳಿದರೆ ನೀವೇ ಬಗ್ಗಿ ಹುಡುಕಬೇಡಿ. ತಕ್ಷಣ ಹೇಳಿ: "ಸರ್, ಬ್ಯಾಟರಿ ಬಿತ್ತು, ಪೆಡಲ್ ಹತ್ತಿರ." ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ. ನಾಚಿಕೆಗೆ ಸುಮ್ಮನಿದ್ದರೆ ಆ ಬ್ಯಾಟರಿ ಪೆಡಲ್ ಕೆಳಗೆ ಸೇರುತ್ತದೆ.

ಪವರ್ ಬ್ಯಾಂಕ್ ಒಯ್ಯಲೇಬೇಕೆಂದರೆ ಕೈಗೆಟುಕುವಲ್ಲಿ ಇರಲಿ, ಹಿಂದಿನ ಲಗೇಜಿನಲ್ಲಿ ಬೇಡ. 20,000 ಎಂಎಎಚ್ ಅಂದರೆ ಸುಮಾರು 74 ವ್ಯಾಟ್-ಅವರ್. ದೊಡ್ಡ ವಿಮಾನಗಳಲ್ಲಿ ಸಾಮಾನ್ಯ ಮಿತಿ 100. ಬಿಸಿಯಾದಂತೆ ಅನ್ನಿಸಿದ ಕ್ಷಣ ಪೈಲಟ್‌ಗೆ ತಿಳಿಸಿ.

5. ಮೌಂಟ್ ಅಂಟಿಸುವ ಮೊದಲು ಕಂಪಾಸ್ ನೋಡಿ

ಸೆಸ್ನಾದ ಮುಂಗಾಜಿನ ನಡುವೆ ಒಂದು ಪುಟ್ಟ ದಿಕ್ಸೂಚಿ ಇರುತ್ತದೆ. ಎಲ್ಲ ಕರೆಂಟ್ ಹೋದರೂ ದಿಕ್ಕು ತೋರಿಸುವುದು ಅದೇ. ನಿಮ್ಮ ಗೋಪ್ರೊ, ಮ್ಯಾಗ್ನೆಟ್ ಮೌಂಟ್, ಮೈಕಿನೊಳಗಿನ ಆಯಸ್ಕಾಂತ ಅದನ್ನು ತಪ್ಪು ದಾರಿಗೆ ಎಳೆಯುತ್ತವೆ. ನೆಲದ ಮೇಲೆಯೇ ಪರೀಕ್ಷಿಸಿ: ಕ್ಯಾಮೆರಾ ಹತ್ತಿರ ತನ್ನಿ, ಮುಳ್ಳು ಅಲುಗಿದರೆ ಜಾಗ ಬದಲಿಸಿ.

ಒಳಗೆ ಸಕ್ಷನ್ ಕಪ್ ಸಾಕು, ಜೊತೆಗೆ ಒಂದು ಸೇಫ್ಟಿ ದಾರ. ಗಾಜಿಗೆ ಅಂಟಿಸುವ ಮೊದಲು ಕೇಳಿ, ಪೈಲಟ್ ಕಣ್ಣಿಗೂ ಮೀಟರ್‌ಗಳಿಗೂ ಅಡ್ಡ ಬರಬಾರದು. ರೆಕ್ಕೆಗೋ ಚಕ್ರದ ಕಂಬಕ್ಕೋ ಹೊರಗಡೆ ಕ್ಯಾಮೆರಾ ಕಟ್ಟುವುದು ಮೆಂಟೆನೆನ್ಸ್ ಎಂಜಿನಿಯರ್ ಒಪ್ಪಬೇಕಾದ ವಿಷಯ. ಗಮ್ ಟೇಪ್ ತೆಗೆದುಕೊಂಡು ನೀವೇ ಹೊರಡಬೇಡಿ.

ಕ್ರಾಫ್ಟ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕಪ್ಪು ಶರ್ಟ್ ಹಾಕಿ, ಕಿಟಕಿಯಲ್ಲಿ ನಿಮ್ಮ ಪ್ರತಿಬಿಂಬ ಬರುವುದಿಲ್ಲ. ಲೆನ್ಸನ್ನು ಗಾಜಿಗೆ ಒತ್ತಬೇಡಿ, ಎಂಜಿನ್ನಿನ ನಡುಕ ಇಡೀ ಶಾಟಿಗೆ ಬರುತ್ತದೆ. ಪೋಲರೈಸರ್ ತೆಗೆಯಿರಿ, ಪ್ಲಾಸ್ಟಿಕ್ ಕಿಟಕಿಯ ಮೇಲೆ ಕಾಮನಬಿಲ್ಲಿನ ಪಟ್ಟೆ ಮೂಡುತ್ತವೆ. ಪ್ರೊಪೆಲ್ಲರ್ ವಕ್ರವಕ್ರವಾಗಿ ಕಂಡರೆ ಎನ್‌ಡಿ ಫಿಲ್ಟರ್ ಹಾಕಿ ಶಟರ್ ನಿಧಾನ ಮಾಡಿ.

6. ಪ್ರೊಪೆಲ್ಲರಿಗೆ ಬೆನ್ನು ಕೊಡಬೇಡಿ

ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ, ವ್ಯೂಫೈಂಡರಿನಲ್ಲಂತೂ ಇಲ್ಲವೇ ಇಲ್ಲ. ನಿಂತಿದ್ದರೂ ಮುಟ್ಟಬೇಡಿ. ಹತ್ತುವುದು, ಇಳಿಯುವುದು ಎಂಜಿನ್ ಪೂರ್ತಿ ನಿಂತ ಮೇಲೆ, ರೆಕ್ಕೆಯ ಹಿಂದಿನಿಂದ. ಹೀರೊ ವಿಮಾನದ ಕಡೆ ನಡೆದುಬರುವ ಶಾಟ್ ಬೇಕೇ? ಎಂಜಿನ್ ಆಫ್ ಇರಲಿ. ಸದ್ದನ್ನು ಎಡಿಟಿಂಗಿನಲ್ಲಿ ಸೇರಿಸಿ.

7. ಟೇಕಾಫ್, ಲ್ಯಾಂಡಿಂಗ್: ಬಾಯಿ ಬಂದ್

1981ರಿಂದ ಅಮೆರಿಕದ ಏರ್‌ಲೈನ್‌ಗಳಲ್ಲಿ ಒಂದು ನಿಯಮವಿದೆ. 10,000 ಅಡಿ ಕೆಳಗೆ ಕಾಕ್‌ಪಿಟ್‌ನಲ್ಲಿ ಕೆಲಸಕ್ಕೆ ಬಾರದ ಮಾತು ಬೇಡ. 1974ರಲ್ಲಿ ಇಳಿಯುವ ಹೊತ್ತಲ್ಲಿ ಪೈಲಟ್‌ಗಳು ಹರಟುತ್ತಿದ್ದ ವಿಮಾನವೊಂದು ಅಪಘಾತಕ್ಕೀಡಾದ ನಂತರ ಬಂದ ಪಾಠ ಅದು. ನಿಮ್ಮ ಸೆಸ್ನಾ 10,000 ಅಡಿಯ ತಂಟೆಗೇ ಹೋಗುವುದಿಲ್ಲ. ಆದ್ದರಿಂದ ಸರಳ ಲೆಕ್ಕ ಇಟ್ಟುಕೊಳ್ಳಿ: ಚಕ್ರ ಉರುಳಲು ಶುರುವಾದಾಗಿನಿಂದ ಪೈಲಟ್ "ಈಗ ಮಾತಾಡಿ" ಅನ್ನುವವರೆಗೆ ಮೌನ. ವಾಪಸ್ ಬರುವಾಗಲೂ ಹಾಗೆಯೇ. ಕ್ಯಾಮೆರಾ ರೋಲ್ ಆಗುತ್ತಿರಲಿ, ಪ್ರಶ್ನೆ ಬೇಡ. ಮೊಬೈಲ್ ಏರ್‌ಪ್ಲೇನ್ ಮೋಡಿನಲ್ಲಿರಲಿ, ಇಲ್ಲದಿದ್ದರೆ ಹೆಡ್‌ಸೆಟ್‌ನಲ್ಲಿ ಟರ್ ಟರ್ ಸದ್ದು ಬಂದು ಟವರ್‌ನ ಮಾತು ಕೇಳಿಸದೆ ಹೋಗಬಹುದು.

ಈ ಮೌನಕ್ಕೆ ಒಂದೇ ಒಂದು ವಿನಾಯಿತಿ: ಅಪಾಯದ ಸುಳಿವು. ಇನ್ನೊಂದು ವಿಮಾನವೋ ಹದ್ದೋ ಕಂಡರೆ ಕೂಡಲೇ ಗಡಿಯಾರದ ಲೆಕ್ಕದಲ್ಲಿ ಹೇಳಿ: "ಎರಡು ಗಂಟೆ ದಿಕ್ಕು, ನಮಗಿಂತ ಸ್ವಲ್ಪ ಮೇಲೆ." ನಿಮ್ಮ ಕಣ್ಣು ಪೈಲಟ್‌ಗೆ ಉಪಯೋಗಕ್ಕೆ ಬಂದ ದಿನವೇ ನೀವು ಟೀಮಿನವರಾದಿರಿ.

8. "ಇನ್ನೂ ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ ಓರೆ" ಅನ್ನಬೇಡಿ

ಪುಟ್ಟ ವಿಮಾನದ ಶೂಟಿಂಗಿನಲ್ಲಿ ಅತ್ಯಂತ ಅಪಾಯದ ಮಾತು ಇದೇ. ಏಕೆಂದು ಅರ್ಥ ಮಾಡಿಕೊಳ್ಳಿ.

ನಂಜನಗೂಡಿನ ದೇವಸ್ಥಾನದ ಮೇಲೆ ಸುತ್ತು ಹಾಕುತ್ತಿದ್ದೀರಿ. ಗೋಪುರ ಫ್ರೇಮಿನ ನಡುವೆ ನಿಲ್ಲಬೇಕು. ವಿಮಾನ ಹೆಚ್ಚು ವಾಲಿದಷ್ಟೂ ರೆಕ್ಕೆ ಹೆಚ್ಚು ಭಾರ ಹೊರಬೇಕು. 30 ಡಿಗ್ರಿ ವಾಲಿದರೆ ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ, ವೇಗ ಶೇ 7ರಷ್ಟು ಏರುತ್ತದೆ. 45 ಡಿಗ್ರಿಗೆ ಶೇ 19. 60 ಡಿಗ್ರಿಗೆ ಶೇ 41, ಆಗ ನಿಮ್ಮ ತೂಕವೂ ಕ್ಯಾಮೆರಾದ ತೂಕವೂ ಎರಡರಷ್ಟು. ನೀವು ನಿಧಾನ ಹೋಗಿ ಅನ್ನುತ್ತೀರಿ, ಶಾಟ್ ನಿಲ್ಲಲಿ ಎಂದು. ವಾಲಿಸಿ ಅನ್ನುತ್ತೀರಿ, ರೆಕ್ಕೆ ಅಡ್ಡ ಬರದಿರಲೆಂದು. ಕೆಳಗೆ ಅನ್ನುತ್ತೀರಿ, ಗೋಪುರ ದೊಡ್ಡದಾಗಿ ಬರಲೆಂದು. ಈ ಮೂರೂ ಒಟ್ಟಿಗೆ ಕೂಡಿದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ. ಅದನ್ನು ಸರಿಪಡಿಸಲು ಕೆಳಗೆ ಎತ್ತರವೇ ಉಳಿದಿರುವುದಿಲ್ಲ. ಜಗತ್ತಿನ ಅತ್ಯುತ್ತಮ ಏರೋಬ್ಯಾಟಿಕ್ ಪೈಲಟ್‌ಗಳಲ್ಲಿ ಒಬ್ಬರಾದ ಆರ್ಟ್ ಶೋಲ್, 'ಟಾಪ್ ಗನ್' ಸಿನಿಮಾಕ್ಕೆ ಗಿರಕಿಯ ದೃಶ್ಯ ಶೂಟ್ ಮಾಡುತ್ತ 1985ರ ಸೆಪ್ಟೆಂಬರ್ 16ರಂದು ಪೆಸಿಫಿಕ್ ಸಾಗರಕ್ಕೆ ಬಿದ್ದರು. ಅವರಿಗಿಂತ ನುರಿತವರು ನಿಮಗೆ ಸಿಗುವುದು ಕಷ್ಟ.

ಎತ್ತರಕ್ಕೂ ಅಂತರರಾಷ್ಟ್ರೀಯ ಮಾನದಂಡ ಇದೆ. ಊರಿನ ಮೇಲೆ, ಬಯಲಿನಲ್ಲಿ ಸೇರಿದ ಜನಜಂಗುಳಿಯ ಮೇಲೆ, ಸುತ್ತಲಿನ 600 ಮೀಟರಿನೊಳಗೆ ಇರುವ ಅತಿ ಎತ್ತರದ ವಸ್ತುವಿಗಿಂತ 1,000 ಅಡಿ ಮೇಲೆ ಇರಬೇಕು. ಉಳಿದ ಕಡೆ ಕನಿಷ್ಠ 500 ಅಡಿ. ನಂಜನಗೂಡಿನ ಗೋಪುರ ಸುಮಾರು 120 ಅಡಿ. ಹಾಗಾದರೆ ನೀವು ನೆಲದಿಂದ 1,120 ಅಡಿಗೆ ಕಡಿಮೆ ಇಳಿಯುವಂತಿಲ್ಲ. ದೊಡ್ಡ ಜಾತ್ರೆಯ ದಿನ ಇರಲಿ, 1989ರಲ್ಲಿ ಶುರುವಾಗಿ 2025ರ ಫೆಬ್ರವರಿಯಲ್ಲೂ ನಡೆದ ತಿ. ನರಸೀಪುರದ ಕುಂಭಮೇಳ ಇರಲಿ, ಇದೇ ಲೆಕ್ಕ. ಅಂಥ ದಿನಗಳಲ್ಲಿ ಆಡಳಿತ ಬೇರೆ ನಿರ್ಬಂಧ ಹೇರಿದ್ದರೆ ಅದೂ ಸೇರುತ್ತದೆ. ಪೈಲಟ್ ಇನ್ನೂ ಮೇಲೆಯೇ ಇರುತ್ತೇನೆ ಅಂದರೆ ಚೌಕಾಸಿ ಬೇಡ.

ಶಾಟ್ ಚಿಕ್ಕದಾಗುತ್ತದೆ ಎಂಬ ಅನುಮಾನ ಬಂತೇ? ಹತ್ತುವ ಮೊದಲೇ ಉದ್ದದ ಲೆನ್ಸ್ ಹಾಕಿಕೊಳ್ಳಿ, ಎತ್ತರ ಬದಲಿಸಬೇಡಿ. ಫುಲ್ ಫ್ರೇಮ್ ಕ್ಯಾಮೆರಾಗೆ 200 ಎಂಎಂ ಹಾಕಿದರೆ ಆ ಎತ್ತರದಿಂದಲೂ ಗೋಪುರ ಫ್ರೇಮಿನ ಅರ್ಧದಷ್ಟು ತುಂಬುತ್ತದೆ. ಬೆಳಗ್ಗೆ ಬೇಗ ಹೊರಡಿ. ಪೂರ್ವಾಭಿಮುಖ ದೇವಸ್ಥಾನದ ಮೇಲೆ ಬೆಳಕು ನೇರ ಬೀಳುತ್ತದೆ. ಬಿಸಿಲೇರಿದ ಮೇಲೆ ಹೊಲದಿಂದ ಏಳುವ ಬಿಸಿಗಾಳಿ ವಿಮಾನವನ್ನು ಕುಲುಕುವುದೂ ತಪ್ಪುತ್ತದೆ.

ಶಾಟ್ ಲಿಸ್ಟನ್ನು ನೆಲದಲ್ಲೇ ಪೈಲಟ್ ಜೊತೆ ಕೂತು ಬರೆಯಿರಿ. ಉದಾಹರಣೆಗೆ: ಕಪಿಲೆಯ ಮೇಲೆ 1735ರ ಹಳೇ ಸೇತುವೆ, ಗೋಪುರ, ನದಿಯ ಗುಂಟ ಪೂರ್ವಕ್ಕೆ ತಿ. ನರಸೀಪುರ, ಕಾವೇರಿ–ಕಪಿಲೆ ಕೂಡುವ ಸಂಗಮ, ತಲಕಾಡಿನ ಮರಳು, ಸೋಮನಾಥಪುರದ ದೇವಸ್ಥಾನ, ವಾಪಸ್. ಯಾವುದಕ್ಕೆ ಯಾವ ಕಿಟಕಿ, ಎಡ ಸುತ್ತೋ ಬಲ ಸುತ್ತೋ, ಎಷ್ಟು ಎತ್ತರ, ಎಲ್ಲ ಮುಂಚೆಯೇ ನಿಕ್ಕಿಯಾಗಲಿ. ಮೇಲೆ ಹೋದ ಮೇಲೆ ಹೊಸ ಐಡಿಯಾ ಹೊಳೆದರೆ ಡೈರಿಯಲ್ಲಿ ಬರೆದಿಡಿ, ಮುಂದಿನ ಹಾರಾಟಕ್ಕೆ ಆಗುತ್ತದೆ.

9. ಪೈಲಟ್ ಹಾರಿಸಲಿ, ನಟಿಸುವುದು ಬೇಡ

"ಸರ್, ಒಂದು ಸಲ ಈ ಕಡೆ ನೋಡಿ ಸ್ಮೈಲ್ ಮಾಡಿ" ಎಂಬುದು ನೆಲದ ಮೇಲೆ ಹೇಳುವ ಮಾತು. 2014ರ ಮೇ 31ರ ನಡುರಾತ್ರಿ ಅಮೆರಿಕದ ಕೊಲೊರಾಡೊದಲ್ಲಿ ಸೆಸ್ನಾ 150 ವಿಮಾನವೊಂದು ಬಿದ್ದು ಇಬ್ಬರು ಸತ್ತರು. ಸಿಕ್ಕ ಗೋಪ್ರೊದಲ್ಲಿ ಹಿಂದಿನ ಹಾರಾಟಗಳ ವಿಡಿಯೊ ಇತ್ತು: ಕತ್ತಲಲ್ಲಿ ಫ್ಲ್ಯಾಶ್ ಹಾಕಿ ಸೆಲ್ಫಿಗಳು. ಮೊಬೈಲ್‌ನಿಂದ ಗಮನ ಚದುರಿ ಪೈಲಟ್‌ಗೆ ದಿಕ್ಕು ತಪ್ಪಿರುವ ಸಾಧ್ಯತೆಯೇ ಹೆಚ್ಚು ಎಂದಿತು ತನಿಖೆ. ಫ್ಲ್ಯಾಶ್ ಆಫ್ ಮಾಡಿ, ಎಲ್‌ಇಡಿ ಲೈಟ್ ಮನೆಯಲ್ಲಿಡಿ. ಪೈಲಟ್ ಸಂದರ್ಶನ ಹ್ಯಾಂಗರಿನ ನೆರಳಲ್ಲಿ ಚಹಾ ಕುಡಿಯುತ್ತ ಮಾಡಿ.

10. ಹೊಟ್ಟೆ ಹಗುರ ಇರಲಿ

ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ವಿಮಾನ ಸುತ್ತಿದರೆ ಎಂಥವರಿಗೂ ತಲೆ ತಿರುಗುತ್ತದೆ. ಎರಡು ಇಡ್ಲಿ ಸಾಕು, ಬೆಣ್ಣೆ ಮಸಾಲೆ ದೋಸೆ ಇಳಿದ ಮೇಲೆ. ಪ್ರತಿ ಶಾಟ್ ನಡುವೆ ತಲೆ ಎತ್ತಿ ದಿಗಂತ ನೋಡಿ. ಜೇಬಿನಲ್ಲಿ ಒಂದು ಕವರ್ ಇರಲಿ. ವಾಂತಿ ಬರುವಂತಿದ್ದರೆ ಹೇಳಿ, ತಡೆದುಕೊಂಡು ಧೈರ್ಯ ತೋರಿಸಬೇಡಿ.

11. ಅನುಭವ ಎಷ್ಟಿದ್ದರೂ ಚೆಕ್‌ಲಿಸ್ಟ್ ಓದಿ

1988ರ ಏಪ್ರಿಲಿನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, 800ಕ್ಕೂ ಹೆಚ್ಚು ಸಲ ಜಿಗಿದಿದ್ದ ಸ್ಕೈಡೈವರ್ ಒಬ್ಬರು ಬೇರೆಯವರ ಜಿಗಿತವನ್ನು ಶೂಟ್ ಮಾಡಲು ವಿಮಾನದಿಂದ ಹಾರಿದರು. ಬೆನ್ನಿಗೆ ವಿಡಿಯೊ ರೆಕಾರ್ಡರ್ ಇತ್ತು. ಪ್ಯಾರಾಚೂಟ್ ಇರಲಿಲ್ಲ. ಮರೆತಿದ್ದರು.

ನಮ್ಮಲ್ಲೇ, 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರದ ಕ್ಲೈಮ್ಯಾಕ್ಸ್‌ಗೆ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ತೀರಿಕೊಂಡರು. ಅವರು ಲೈಫ್ ಜಾಕೆಟ್ ಹಾಕಿರಲಿಲ್ಲ. ಕ್ಯಾಮೆರಾಗಳೆಲ್ಲ ಸಿದ್ಧವಿದ್ದವು, ರಕ್ಷಣೆ ಸಿದ್ಧವಿರಲಿಲ್ಲ. ನದಿಯ ಮೇಲೆ, ಸಂಗಮದ ಮೇಲೆ ಹಾರುವಾಗ ಇದು ನೆನಪಿರಲಿ. ಬೆಲ್ಟ್ ಹೇಗೆ ಬಿಚ್ಚುವುದು, ಬಾಗಿಲು ಯಾವ ಕಡೆ ತೆರೆಯುತ್ತದೆ, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ ಎಂಬುದನ್ನು ಪೈಲಟ್ ಹೇಳುವಾಗ ಕ್ಯಾಮೆರಾ ಕೆಳಗಿಟ್ಟು ಕೇಳಿ. ಕೇಳಿದ ಮೇಲೆ ಕಣ್ಣು ಮುಚ್ಚಿ ಬೆಲ್ಟನ್ನು ಒಮ್ಮೆ ಬಿಚ್ಚಿ ನೋಡಿ.

12. ಅಪ್‌ಲೋಡ್‌ಗೆ ಮುಂಚೆ ಪೈಲಟ್‌ಗೆ ತೋರಿಸಿ

ವ್ಯೂಸ್‌ಗಾಗಿ ಇಲ್ಲದ ಎಮರ್ಜೆನ್ಸಿ ಸೃಷ್ಟಿಸಬೇಡಿ. 2021ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಯೂಟ್ಯೂಬರ್ ಟ್ರೆವರ್ ಜೇಕಬ್, ಎಂಜಿನ್ ಕೆಟ್ಟಿತು ಎಂದು ತೋರಿಸಿ, ಕೈಯಲ್ಲಿ ಕ್ಯಾಮೆರಾ ಹಿಡಿದು ತನ್ನ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದ. ವಿಮಾನ ಕಾಡಿಗೆ ಬಿತ್ತು, ವಿಡಿಯೊ ಓಡಿತು. 2022ರಲ್ಲಿ ಲೈಸೆನ್ಸ್ ಹೋಯಿತು. ಅವಶೇಷ ನಾಶ ಮಾಡಿ ತನಿಖೆಗೆ ಅಡ್ಡಿಪಡಿಸಿದ್ದಕ್ಕೆ 2023ರಲ್ಲಿ 6 ತಿಂಗಳ ಜೈಲು. ಇಷ್ಟೆಲ್ಲ ಒಂದು ಪರ್ಸ್ ಕಂಪನಿಯ ಸ್ಪಾನ್ಸರ್‌ಶಿಪ್‌ಗಾಗಿ.

ನಿಮ್ಮ ವಿಡಿಯೊದಲ್ಲಿ ಅಂಥದ್ದೇನೂ ಇರುವುದಿಲ್ಲ, ಸರಿ. ಆದರೂ ಕುಲುಕಾಟದ ಕ್ಲಿಪ್‌ಗೆ "ಸಾವಿನ ದವಡೆಯಿಂದ ಪಾರು" ಎಂಬ ಥಂಬ್‌ನೇಲ್ ಹಾಕಿದರೆ ಪೈಲಟ್‌ಗೆ ಮೇಲಿನವರಿಂದ ಫೋನ್ ಬರುತ್ತದೆ, ನಿಮಗೆ ಮತ್ತೆಂದೂ ಬರುವುದಿಲ್ಲ. ಟವರ್ ಜೊತೆಗಿನ ರೇಡಿಯೊ ಮಾತು ಆಡಿಯೊದಲ್ಲಿ ಉಳಿದಿದೆಯೇ ನೋಡಿ, ಮ್ಯೂಟ್ ಮಾಡಿ. ಅನುಮತಿಯಲ್ಲಿ ಇಲ್ಲದ ಜಾಗ ಫ್ರೇಮಿಗೆ ಬಂದಿದ್ದರೆ ಕತ್ತರಿಸಿ. ಫೈನಲ್ ಕಟ್ ಪೈಲಟ್‌ಗೂ ಕಳಿಸಿ. 4ಕೆ ಫೈಲನ್ನೇ ಕಳಿಸಿ, ವಾಟ್ಸ್‌ಆ್ಯಪ್‌ನಲ್ಲಿ ಹಿಂಡಿದ್ದನ್ನಲ್ಲ.